ಅಕ್ಕ ಒಪ್ಪಿಕೊಂಡ ತಪ್ಪು

ನನ್ನ ಅಕ್ಕನ ಎರಡು ಮೊಣಕಾಲೂ ಕಪ್ಪಗೆ ಗಡುಸಾಗಿ, ಒರಟು ಚರ್ಮ ಕಟ್ಟಿಕೊಂಡಿದ್ದವು. ಮಲ್ಲಿಪಟ್ಟಣದ ಪಕ್ಕದ ನಮ್ಮೂರಿನ ಅಂಗನವಾಡಿಗೆ ಅವಳೇ ಟೀಚರು. ಯಾವ ಮಗುವಿನ ಹತ್ತಿರ ಮಾತಾಡಬೇಕಾದರೂ ಸಿಮೆಂಟು ನೆಲಕ್ಕೆ ಮಂಡಿಯೂರಿ, ಅದರ ಕಣ್ಣಿಗೆ ತನ್ನ ಕಣ್ಣು ಸಮ ಮಾಡಿಕೊಂಡೇ ಬಾಯಿ ತೆರೆಯುವಳು. "ನನ್ ಮಗ ಇನ್ನೂ ನಡೀತಿಲ್ಲ, ಪಕ್ಕದ್ಮನೇದು ಓಡ್ತದೆ" ಎಂದು ಯಾರಾದರೂ ಅತ್ತರೆ, "ಪಕ್ಕದ್ಮನೆ ಕೂಸಿನ್ ಜೊತೆ ಯಾಕವ್ವ ಅಳೀತೀಯ? ನಿನ್ ಮಗ ಓದ್ ತಿಂಗ್ಳು ಏನ್ ಮಾಡ್ತಿದ್ದ, ಅದ್ನ ಯೋಳು" ಎನ್ನುವಳು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅವಳು ಓದಿದಳು. ಅವಳಿಗೆ ಮಕ್ಕಳಾಗಲಿಲ್ಲ, ನನಗೆ ಒಬ್ಬಳು ಮಗಳಾದಳು. ಇಬ್ಬರನ್ನೂ ಒಂದೇ ಊರಿಗೆ ಕೊಟ್ಟಿದ್ದರಿಂದ ಅವಳನ್ನೂ ನನ್ನನ್ನೂ ತೂಗಿ ನೋಡುವುದು ನನ್ನೊಳಗೆ ದಿನವೂ ನಡೆಯುತ್ತಿತ್ತು.

ನನ್ನ ಮಗಳಿಗೆ ಹತ್ತು ತಿಂಗಳಾಗಿದ್ದಾಗ ಅಕ್ಕ ಅವಳ ಬೆನ್ನ ಹಿಂದೆ ಕೂತು ತಟ್ಟೆಗೆ ಸೌಟು ಬಡಿದಳು. ಮಗು ತಿರುಗಲಿಲ್ಲ. ಮತ್ತೆ ಬಡಿದಳು. ಅಕ್ಕನ ಮುಖ ಇಳಿದುಹೋಯಿತು.

"ನಾಳೇನೇ ಆಸ್ನದ್ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ ಕಿವಿ ತೋರ್ಸು ಕಣಮ್ಮಿ. ಕೇಳಿದ್ರೆ ತಾನೆ ಮಾತ್ ಬರೋದು? ಈಗ್ಲೇ ತೋರ್ಸುದ್ರೆ ದಾರಿ ಐತೆ."

ನಾನು ಒಳಗೆ ಹೋಗಿ ಒಣಮೆಣಸಿನಕಾಯಿ, ಉಪ್ಪು ತಂದು, ಅವಳ ಕಣ್ಣೆದುರಿಗೇ ಮಗುವಿಗೆ ನೀವಾಳಿಸಿ ಒಲೆಗೆ ಹಾಕಿದೆ.

"ಯಾರ್ ದೃಷ್ಟಿ ತೆಗೀತಿದ್ದೀಯೆ?"

"ಇನ್ಯಾರ್ದು? ಒಟ್ಟೇಲಿ ಒಂದೂ ಉಟ್ದೇ ಇರೋಳು ಬಂದು ನನ್ ಕೂಸಿನ್ ತಿಂಗ್ಳು ಎಣಿಸ್ತಾಳಲ್ಲ, ಅವಳ್ದು."

ಘಾಟು ಎದ್ದು ಅಕ್ಕ ಕೆಮ್ಮಿದಳು. ಘಾಟು ಎದ್ದರೆ ದೃಷ್ಟಿಯಾಗಿಲ್ಲ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೂ ಮಾತು ವಾಪಸು ತೆಗೆದುಕೊಳ್ಳಲಿಲ್ಲ. ಆಮೇಲೂ ಅವಳು ಮೂರು ಸಲ ಬಂದಳು. ಮೂರು ಸಲವೂ ನಾನು ಚಿಲಕ ತೆಗೆಯಲಿಲ್ಲ. ಯಜಮಾನರಿಗೆ ಇದ್ಯಾವುದನ್ನೂ ಹೇಳಲೂ ಇಲ್ಲ.

ನಾಲ್ಕು ತುಂಬಿದರೂ ಮಗಳಿಗೆ ಒಂದು ಮಾತೂ ಬರಲಿಲ್ಲ. ಕೊನೆಗೆ ನನ್ನ ಯಜಮಾನರೇ ಹಾಸನಕ್ಕೆ ಹೊರಡಿಸಿದರು. ಆಸ್ಪತ್ರೆಯಲ್ಲಿ ಮಾತಾಡಲು ತಿಳಿದವಳಿರಲಿ ಎಂದು ಅಕ್ಕನನ್ನೂ ಕರೆದರು. ಪರೀಕ್ಷೆಯಾದ ಮೇಲೆ ಆಪ್ತಸಮಾಲೋಚಕಿ ನಮ್ಮನ್ನು ಕೂರಿಸಿಕೊಂಡು, "ಎರಡು ಕಿವೀನೂ ಕೇಳಿಸ್ತಿಲ್ಲ. ಮಾತು ಕಲಿಯೋ ಒಳ್ಳೆ ವರ್ಷಗಳು ಹೋಗ್ಬಿಟ್ವು. ಮೊದಲೇ ಯಾರೂ ಹೇಳಲಿಲ್ವಾ?" ಎಂದು ಕೇಳಿದರು.

ಯಜಮಾನರು ನನ್ನ ಮುಖ ನೋಡಿದರು.

"ಯಾರೂ ಯೋಳ್ನಿಲ್ಲ ಮೇಡಂ" ಎಂದೆ. "ಇವ್ಳೇ ಅಂಗನವಾಡಿ ಟೀಚರು. ಇವ್ಳೂ ಯೋಳ್ನಿಲ್ಲ."

ಅಕ್ಕ ನನ್ನನ್ನು ನೋಡಿದಳು. ಆಮೇಲೆ ತನ್ನ ತೊಡೆಯ ಮೇಲಿದ್ದ ನನ್ನ ಮಗಳನ್ನು ನೋಡಿದಳು. "ನಂದೇ ತಪ್ಪು ಮೇಡಂ. ಗಮನಿಸ್ನಿಲ್ಲ" ಎಂದಳು.

ವಾಪಸು ಬರುವಾಗ ಬಸ್ಸಿನ ತುಂಬ ಜನ. "ಊರ್ ಮಕ್ಳೆಲ್ಲ ಕಾಣ್ತವೆ, ತಂಗಿ ಕೂಸೊಂದೇ ಕಾಣ್ನಿಲ್ವಾ ನಿಮ್ಗೆ?" ಎಂದು ಯಜಮಾನರು ಕೂಗಿದರು. ನಾನು ಕಿಟಕಿಯಾಚೆ ಹೊಗೆಸೊಪ್ಪಿನ ಹೊಲ ನೋಡುತ್ತ ಕೂತಿದ್ದೆ. ಊರಲ್ಲಿ ಇಳಿದಾಗ ಅಕ್ಕ ನನಗಷ್ಟೇ ಕೇಳುವಂತೆ, "ನಿಜ ಯೋಳಿದ್ರೆ ನಿನ್ನ ಮನೆಯಿಂದಾಚೆ ಆಕ್ಬುಡ್ತಿದ್ರು. ಕೂಸ್ನ ಯಾರ್ ನೋಡ್ತಿದ್ರು? ಅದ್ರ್ ಜೊತೆ ನೀನೂ ಸನ್ನೆ ಭಾಷೆ ಕಲಿ, ಸಾಕು" ಎಂದಳು. ಕಲಿತೆ. ನನ್ನ ಮಗಳಿಗೆ ಇವತ್ತು ಒಬ್ಬ ತಾಯಿ ಇದ್ದಾಳೆಂದರೆ ಅದು ಅಕ್ಕ ಉಳಿಸಿಕೊಟ್ಟದ್ದು.

ಹೋದ ವರ್ಷ ಅಕ್ಕ ಕಾಮಾಲೆಯಾಗಿ ತೀರಿಕೊಂಡಳು. ಮಗಳು ದೊಡ್ಡಮ್ಮನ ಮುಖ ನೋಡಲು ಮುಂದೆ ಓಡಿದಳು. ಆಸ್ಪತ್ರೆಯ ಆ ದಿನದಿಂದ ಅಕ್ಕನ ಜೊತೆ ಮಾತು ಬಿಟ್ಟಿದ್ದ ಯಜಮಾನರು ಮಗಳ ರಟ್ಟೆ ಹಿಡಿದು ಅಂಗಳದಲ್ಲೇ ನಿಲ್ಲಿಸಿದರು. ಅವಳು ನನ್ನ ಕಡೆ ತಿರುಗಿ, ಅಪ್ಪ ಯಾಕೆ ಬಿಡುತ್ತಿಲ್ಲ ಎಂದು ಸನ್ನೆಯಲ್ಲಿ ಕೇಳಿದಳು.

ಗೊತ್ತಿಲ್ಲ ಎಂದು ಕೈಯಾಡಿಸಿದೆ.