ತಂಗಿಯ ಬದಿಯ ಅಲೆ

ಕಡಲ ದಂಡೆಯಲ್ಲಿ ಎಲ್ಲರೂ ಅವಳನ್ನು ಹಲಗೆಯಕ್ಕ ಎಂದೇ ಕರೆಯುತ್ತಿದ್ದರು. ರಜೆಗೆ ಬಂದವರಿಗೆ ಸರ್ಫಿಂಗ್, ಅಂದರೆ ಅಲೆಯ ಮೇಲೆ ಹಲಗೆಯಲ್ಲಿ ನಿಂತು ಜಾರುವುದನ್ನು ಕಲಿಸುವುದು ಅವಳ ಕಸುಬು. ಆ ದಂಡೆಗೆ ಈ ಆಟ ತಂದವಳೇ ಅವಳು. ಒಡಹುಟ್ಟಿದ ತಂಗಿಗೆ ಕಲಿಸಿದವಳೂ ಅವಳೇ. ಈಗ ತಂಗಿ ಬೇರೆ ಅಂಗಡಿ ಹಾಕಿಕೊಂಡಿದ್ದಳು, ಬಸ್ಸಿಳಿದವರೆಲ್ಲ ನೆಟ್ಟಗೆ ಅವಳ ಕಡೆಗೇ ನಡೆಯುತ್ತಿದ್ದರು. ಹತ್ತಿದ ಏಣಿಯನ್ನೇ ಒದ್ದಳಲ್ಲ ಎಂದು ಹಲಗೆಯಕ್ಕನ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಅವಳ ಪ್ರಕಾರ ಇದಕ್ಕೆಲ್ಲ ಕಾರಣ ಒಂದೇ, ಜಾಗ. ತಂಗಿಯ ಕಡೆ ಕಾಲಡಿಗೆ ನುಣುಪು ಮರಳು, ಬಹುದೂರದವರೆಗೆ ಸೊಂಟಮಟ್ಟದ ನೀರು, ಸಾವಕಾಶವಾಗಿ ಬರುವ ನೊರೆಯಲೆ. ಇವಳ ಕಡೆ ಚಿಪ್ಪಿನ ಚೂರು, ದಿಢೀರ್ ಇಳಿಜಾರು, ದಡಕ್ಕೇ ಬಂದು ಧೊಪ್ಪನೆ ಒಡೆಯುವ ಅಲೆ.

"ಅವಳೇನು ಕಲಿಸ್ತಾಳೆ ಮಣ್ಣು! ಅಲ್ಲಿ ಕಲಿಸೋದು ಸಮುದ್ರ," ಎಂದು ಗಂಡನ ಮುಂದೆ ಗೊಣಗಿದಳು.

ಹಲಗೆಯ ಬಿರುಕಿಗೆ ಅಂಟು ಮೆತ್ತುತ್ತಿದ್ದ ಗಂಡ ತಲೆಯೆತ್ತಲಿಲ್ಲ. "ಹಾಗಾದ್ರೆ ನೀನೇ ಅಲ್ಲಿ ಹೋಗಿ ಹಲಗೆ ನೆಡು. ನನ್ನ ತಲೆ ತಿನ್ಬೇಡ."

ಆ ದಂಡೆಯ ಕಟ್ಟಳೆ ಹಾಗಿತ್ತು. ಬೆಳಗ್ಗೆ ಮೊದಲು ಬಂದು ಯಾರು ಮರಳಿನಲ್ಲಿ ಹಲಗೆ ನೆಡುತ್ತಾರೋ ಆ ದಿನ ಅಲ್ಲಿಯ ನೀರು ಅವರದು. ಅಕ್ಕತಂಗಿಯರು ಮಾತ್ರ ಎಂದೂ ಒಬ್ಬರ ಜಾಗವನ್ನು ಇನ್ನೊಬ್ಬರು ಮುಟ್ಟಿರಲಿಲ್ಲ. ಮರುದಿನ ಹಲಗೆಯಕ್ಕ ಮುಟ್ಟಿದಳು. ತಂಗಿ ಜಗಳಕ್ಕೆ ಬರಲಿ ಎಂದು ತೋಳೇರಿಸಿ ಕಾದಳು.

"ಇವತ್ತು ನೀನು ಇಲ್ಲೇನಕ್ಕ? ಸರಿ ಬಿಡು, ನಾನು ಆ ಕಡೆ ಹೋಗ್ತೀನಿ," ಎಂದು ತಂಗಿ ಹೊರಟೇಬಿಟ್ಟಳು. ನಾಲ್ಕು ಬೈದಿದ್ದರೂ ಎಷ್ಟೋ ಸಮಾಧಾನವಾಗುತ್ತಿತ್ತು.

ಬಸ್ಸು ಬಂತು. ತಂಗಿ ಆ ಕಡೆ ಇದ್ದಾಳೆಂದು ತಿಳಿದು ಅರ್ಧಕ್ಕರ್ಧ ಜನ ಚಿಪ್ಪು ತುಳಿಯುತ್ತಾ ಅಲ್ಲಿಗೇ ಹೋದರು. ಉಳಿದವರು ನುಣುಪು ಮರಳಿನಲ್ಲೂ ಎಡವಿದರು. ಒಬ್ಬ ಶಾಲಾ ಮಾಸ್ತರರಂತೂ ಹಲಗೆಯ ಮೇಲೆ ಮಂಡಿಯೂರಿ ಕೂತವರು ಏಳಲೊಲ್ಲರು.

ಆ ಕಡೆಯಿಂದ ನಗು ಕೇಳಿಸಿತು. ಒರಟು ಅಲೆಗೆ ಬಿದ್ದವರು ಬಾಯಲ್ಲಿನ ಉಪ್ಪುನೀರು ಉಗುಳಿ, ನಗುತ್ತಾ ಮತ್ತೆ ಹಲಗೆ ಹತ್ತುತ್ತಿದ್ದರು. ನಡುವೆ ತಂಗಿಯ ದನಿ: "ಬಿದ್ರೆ ಬೀಳಿ, ನಾನಿಲ್ವಾ ಹಿಡ್ಕೊಳ್ಳೋಕೆ!"

ಹಲಗೆಯಕ್ಕನ ಮೈಯೆಲ್ಲ ಉರಿದುಹೋಯಿತು. ಅದು ಅವಳ ಮಾತು. ನೀರಿಗೆ ಹೆದರಿ ಕುತ್ತಿಗೆಗೆ ಜೋತುಬೀಳುತ್ತಿದ್ದ ಪುಟ್ಟ ತಂಗಿಗೆ ಅವಳೇ ಹೇಳುತ್ತಿದ್ದ ಮಾತು. ಕಳ್ಳಿ, ಮಾತನ್ನೂ ಬಿಡಲಿಲ್ಲವಲ್ಲ! ತನ್ನದನ್ನು ತಾನು ಬಳಸಲು ಯಾರ ಅಪ್ಪಣೆ ಬೇಕು ಎಂದುಕೊಂಡು ಮಾಸ್ತರರ ಕಡೆ ತಿರುಗಿ ಬಾಯಿ ತೆರೆದಳು.

"ಎಷ್ಟು ಸಲ ಬಡ್ಕೋಬೇಕ್ರೀ, ಎದ್ದು ನಿಲ್ರೀ!" ಎಂಬುದೇ ಹೊರಗೆ ಬಂತು.