ಚೊಂಬಿನಲ್ಲೇ ಜಾಸ್ತಿ ಎಂದ ಕೆಂಚಮ್ಮ

1940ನೆಯ ಇಸವಿಯಲ್ಲಿ ನಾನು ಮಧುಗಿರಿ ತಾಲ್ಲೂಕು ಬಡವನಹಳ್ಳಿ ಕಡೆಯ ಒಂದು ಊರಿನ ಪ್ರೈಮರಿ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದೆ. ಮೈಸೂರಿನಲ್ಲಿ ಟ್ರೈನಿಂಗ್ ಮುಗಿಸಿ ಬಂದ ಹೊಸತು. ತಲೆ ತುಂಬ ಹೊಸ ವಿಚಾರ, ಬಾಯಿ ತುಂಬ ಮಾತು. ಊರಿನವರು ನನ್ನನ್ನು ‘ಮೇಷ್ಟ್ರಮ್ಮ’ ಎನ್ನುತ್ತಿದ್ದರು.

ಟ್ರೈನಿಂಗಿನಲ್ಲಿ ನಮಗೆ ಸೈಕಾಲಜಿ ಕಲಿಸುತ್ತಿದ್ದ ಉಪನ್ಯಾಸಕರು ಒಂದು ದಿನ ಪಾಠದ ನಡುವೆ ಒಂದು ಮಾತು ಹೇಳಿದ್ದರು. ಮಗುವಿನ ಬುದ್ಧಿ ದೊಡ್ಡವರ ಬುದ್ಧಿಯ ಚಿಕ್ಕ ಅಳತೆಯಲ್ಲ, ಅದು ಯೋಚಿಸುವ ರೀತಿಯೇ ಬೇರೆ, ವಯಸ್ಸಾದಂತೆ ಘಟ್ಟಘಟ್ಟವಾಗಿ ಬದಲಾಗುತ್ತದೆ ಎಂದು ಯುರೋಪಿನ ಕೆಲವು ಪಂಡಿತರು ವಾದಿಸುತ್ತಿದ್ದಾರಂತೆ. ಅದಕ್ಕಾಗಿ ಅವರು ಮಕ್ಕಳ ತಪ್ಪು ಉತ್ತರಗಳನ್ನೇ ಕೆದಕಿ ಕೆದಕಿ ನೋಡುತ್ತಾರಂತೆ. ತರಗತಿಯಲ್ಲಿ ಎಲ್ಲರೂ ನಕ್ಕರು. ನನಗೆ ಮಾತ್ರ ಆ ಮಾತು ತಲೆಗೆ ಅಂಟಿಕೊಂಡಿತು.

ನಮ್ಮ ಒಂದನೆಯ ತರಗತಿಯಲ್ಲಿ ಕೆಂಚಮ್ಮ ಎಂಬ ಹುಡುಗಿಯಿದ್ದಳು. ಆರು ವರ್ಷವಿರಬಹುದು. ರೈತ ರಂಗಪ್ಪನ ಮಗಳು. ಅವಳನ್ನು ಶಾಲೆಗೆ ಕಳಿಸಲು ರಂಗಪ್ಪನನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಬೇಕಾಗಿತ್ತು. ‘ಇವಳಿಗೆ ಓದು ಹತ್ತೋ ಹಂಗಿದ್ರೆ ಇರ್ಲಿ, ಇಲ್ದಿದ್ರೆ ಕುರಿ ಹಿಂದೆ ಕಳಿಸ್ತೀನಿ’ ಎಂಬ ಕರಾರಿನ ಮೇಲೆ ಬಿಟ್ಟಿದ್ದ.

ಆ ವರ್ಷ ತನಿಖೆಗೆ ಹೊಸ ಇನ್‌ಸ್ಪೆಕ್ಟರು ಬಂದರು. ಪೇಟೆಯಲ್ಲಿ ಹುಟ್ಟಿ ಬೆಳೆದವರು, ಜರಿ ರುಮಾಲು, ಗಡಸು ದನಿ. ತನಿಖೆಯ ದಿನ ಊರಿನವರು ಜಗಲಿಯ ಮೇಲೆ ನಿಂತು ನೋಡುವುದು ವಾಡಿಕೆ. ರಂಗಪ್ಪನೂ ಬಂದು ಕಂಬಕ್ಕೆ ಒರಗಿ ನಿಂತಿದ್ದ.

ಮೊದಲು ಅಂಗಡಿ ಚನ್ನಬಸಪ್ಪನವರ ಮಗ ವಿರೂಪಾಕ್ಷನನ್ನು ಕರೆದರು. ಅವನಿಗೂ ಕೆಂಚಮ್ಮನದೇ ವಯಸ್ಸು. ಕೈಕಟ್ಟಿ ನಿಂತು ಮಗ್ಗಿಯನ್ನು ಉಸಿರು ಬಿಡದೆ ಒಪ್ಪಿಸಿದ. ಇನ್‌ಸ್ಪೆಕ್ಟರು ‘ಭೇಷ್’ ಎಂದು ಬೆನ್ನು ತಟ್ಟಿದರು.

ಆಮೇಲೆ ಕೆಂಚಮ್ಮನ ಸರದಿ. ಬುಟ್ಟಿಯಲ್ಲಿ ರಾಗಿ ಇಟ್ಟು, ಪಾವು ಕೈಗೆ ಕೊಟ್ಟು, ‘ಅಳೆದು ಎಣಿಸು’ ಎಂದರು. ಸೇರಿನಲ್ಲಿ ಕಾಲು ಪಾಲು ಹಿಡಿಯುವ ಅಳತೆ ಪಾವು. ಅವಳು ಮೊದಲ ಪಾವನ್ನು ಸುರಿದು ‘ಲಾಭ’ ಎಂದಳು. ಆಮೇಲೆ ‘ಎಲ್ಡು, ಮೂರು’ ಎಂದು ಮುಂದುವರಿಸಿದಳು.

‘ಒಂದು ಅನ್ನೋದಕ್ಕೂ ಬರೋದಿಲ್ಲವೇನ್ರೀ ಇದಕ್ಕೆ?’ ಎಂದು ಇನ್‌ಸ್ಪೆಕ್ಟರು ನನ್ನತ್ತ ತಿರುಗಿದರು.

ನಾನು ಸಿರಾ ಕಡೆಯ ರೈತರ ಮನೆಯವಳು. ‘ಸ್ವಾಮಿ, ಕಣದಲ್ಲಿ ರಾಶಿ ಅಳೆಯುವಾಗ ನಮ್ಮಲ್ಲಿ ಯಾರೂ ಒಂದು ಅನ್ನೋದಿಲ್ಲ. ಮೊದಲನೆಯ ಅಳತೆಗೆ ಲಾಭ ಅಂತಲೇ ಹೇಳಬೇಕು. ಅವಳು ಮನೆಯಲ್ಲಿ ಕಂಡಂತೆ ಎಣಿಸಿದ್ದಾಳೆ’ ಎಂದೆ. ಜಗಲಿಯ ಮೇಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಇನ್‌ಸ್ಪೆಕ್ಟರಿಗೆ ಒಪ್ಪದೆ ವಿಧಿಯಿರಲಿಲ್ಲ.

‘ಸರಿ, ಬುದ್ಧಿ ಎಷ್ಟಿದೆಯೋ ನೋಡೋಣ’ ಎಂದು ಅವರೇ ಎರಡು ಪಾವುಗಳಲ್ಲಿ ರಾಗಿಯನ್ನು ಸಮವಾಗಿ ತೀಡಿ ಅಳೆದರು. ಎರಡೂ ಒಂದೇ ಎಂದು ಕೆಂಚಮ್ಮನ ಬಾಯಿಂದಲೇ ಹೇಳಿಸಿದರು. ಒಂದು ಪಾವನ್ನು ಅಗಲವಾದ ಗಂಗಾಳಕ್ಕೆ, ಇನ್ನೊಂದನ್ನು ಸಣ್ಣ ಚೊಂಬಿಗೆ ಸುರಿದರು. ‘ಈಗ ಯಾವುದರಲ್ಲಿ ಜಾಸ್ತಿ ಇದೆ?’

‘ಚೊಂಬಲ್ಲಿ’ ಎಂದಳು, ಒಂದು ಚೂರೂ ಅನುಮಾನವಿಲ್ಲದೆ.

‘ಹೇಗೆ?’

‘ಕಾಣಾಕಿಲ್ವಾ ಸ್ವಾಮಿ, ಮ್ಯಾಕ್ ಬಂದೈತೆ!’

ದೊಡ್ಡ ತರಗತಿಯ ಮಕ್ಕಳು ಗೊಳ್ಳೆಂದರು. ಇನ್‌ಸ್ಪೆಕ್ಟರು ತಲೆ ಕೊಡವಿ, ‘ಇದು ಮಂದಬುದ್ಧಿ. ಇವಳಿಗೆ ಓದು ಹತ್ತೋದಿಲ್ಲ’ ಎಂದುಬಿಟ್ಟರು. ರಂಗಪ್ಪ ಅಲ್ಲಿಂದಲೇ ಕೂಗಿದ: ‘ಬಾಮ್ಮಿ ಮನೀಗೆ. ದೊಡ್ಡೋರೇ ಏಳ್ಬುಟ್ರಲ್ಲ, ನಾಳೆಯಿಂದ ಕುರಿ ಹೊಡ್ಕೊಂಡು ಹೋಗೀವಂತೆ.’ ಕೆಂಚಮ್ಮ ಸ್ಲೇಟನ್ನು ಎದೆಗೆ ಅವುಚಿಕೊಂಡು ನನ್ನ ಮುಖ ನೋಡಿದಳು.

ನನಗೆ ಉಪನ್ಯಾಸಕರ ಮಾತು ನೆನಪಾದದ್ದು ಆಗಲೇ. ‘ಸ್ವಾಮಿ, ಇದೇ ಪ್ರಶ್ನೆಯನ್ನು ವಿರೂಪಾಕ್ಷನಿಗೂ ಒಂದು ಸಲ ಕೇಳಿ’ ಎಂದೆ. ಹುಡುಗ ಸರಿಯಾಗಿ ಹೇಳಿಬಿಟ್ಟರೆ ಕೆಂಚಮ್ಮನ ಓದು ಅಂದಿಗೇ ಮುಗಿಯುತ್ತಿತ್ತು. ಅವನೋ ಅಂಗಡಿಯ ಹುಡುಗ, ಬೆಳಗಾದರೆ ಪಾವು, ಸೇರುಗಳ ನಡುವೆಯೇ ಕೂತಿರುವವನು.

ವಿರೂಪಾಕ್ಷ ಗಂಗಾಳ ನೋಡಿದ, ಚೊಂಬು ನೋಡಿದ. ‘ಚೊಂಬಿನಲ್ಲಿ ಜಾಸ್ತಿ ಐತೆ ಸ್ವಾಮಿ’ ಎಂದ.

ಕುಣಿದುಬಿಡಬೇಕು ಅನ್ನಿಸಿತು ನನಗೆ! ಹುಡುಗ ತಮಾಷೆ ಮಾಡುತ್ತಿದ್ದಾನೆಂದುಕೊಂಡು ಇನ್‌ಸ್ಪೆಕ್ಟರು ರಾಗಿಯನ್ನು ಮತ್ತೆ ಎರಡೂ ಪಾವುಗಳಿಗೆ ಸುರಿದರು. ‘ಈಗ?’ ‘ಎಲ್ಡೂ ಒಂದೇ.’ ತಿರುಗಿ ಗಂಗಾಳಕ್ಕೂ ಚೊಂಬಿಗೂ ಸುರಿದರು. ‘ಈಗ?’ ‘ಈಗ ಚೊಂಬಿನಲ್ಲಿ ಜಾಸ್ತಿ.’ ಮಗ್ಗಿಯೊಪ್ಪಿಸಿದಷ್ಟೇ ಧೈರ್ಯದಿಂದ ಹೇಳಿದ. ಆ ಮಗ್ಗಿ ಬರೀ ನಾಲಿಗೆಯ ಮೇಲಿತ್ತು, ಅಳತೆಯ ತಿಳಿವಳಿಕೆ ಇನ್ನೂ ಅವನಿಗೆ ಬಂದಿರಲಿಲ್ಲ.

ಇನ್‌ಸ್ಪೆಕ್ಟರು ರುಮಾಲು ತೆಗೆದು ಮೇಜಿನ ಮೇಲಿಟ್ಟು ನೆಲದ ಮೇಲೇ ಕೂತರು. ‘ಒಬ್ಬೊಬ್ಬರನ್ನೇ ಕರೀರಿ’ ಎಂದರು. ಒಬ್ಬರದು ಇನ್ನೊಬ್ಬರಿಗೆ ಕೇಳದಂತೆ ಮಿಕ್ಕವರನ್ನು ಹೊರಗೆ ನಿಲ್ಲಿಸಿದೆವು. ಚಿಕ್ಕವರು ಬಹುಮಟ್ಟಿಗೆ ಎಲ್ಲರೂ ಚೊಂಬು ಎಂದರು. ಎರಡನೆಯ ತರಗತಿಯಲ್ಲಿ ಕೆಲವರು ಚೊಂಬು ಎಂದು ಬಾಯಿ ತೆರೆದು ಅರ್ಧಕ್ಕೇ ನಿಲ್ಲಿಸಿದರು. ಮೂರನೆಯ ತರಗತಿಯ ಹುಡುಗಿಯೊಬ್ಬಳು, ‘ಹಾಕ್ಲೂ ಇಲ್ಲ, ತೆಗೀಲೂ ಇಲ್ಲ, ಹೆಂಗೆ ಜಾಸ್ತಿಯಾದಾತು?’ ಎಂದು ನಮ್ಮನ್ನೇ ದಬಾಯಿಸಿದಳು. ನಮ್ಮ ಕಣ್ಣೆದುರಿಗೇ ಬುದ್ಧಿ ಒಂದೊಂದೇ ಮೆಟ್ಟಿಲು ಹತ್ತುತ್ತಿತ್ತು. ಊಟದ ಹೊತ್ತು ಮೀರಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಇನ್‌ಸ್ಪೆಕ್ಟರು ಎದ್ದು ರಂಗಪ್ಪನನ್ನು ಕರೆದರು. ‘ನಾನು ಆತುರಪಟ್ಟೆ ಕಣಯ್ಯ. ಮುಂದಿನ ತನಿಖೆಯವರೆಗೆ ಮಗಳನ್ನು ಬಿಡಿಸಬೇಡ.’

‘ಆಗ್ಲೂ ಇಂಗೇ ಅಂದ್ರೆ?’ ಎಂದ ರಂಗಪ್ಪ.

ಅವರು ಉತ್ತರಕ್ಕಾಗಿ ನನ್ನ ಕಡೆ ನೋಡಿದರು. ‘ಅನ್ನೋದಿಲ್ಲ’ ಎಂದು ನಾನು ಒದರಿಬಿಟ್ಟೆ.

ಆ ವರ್ಷ ನಾನು ಪಟ್ಟ ಪಾಡು ನನಗೇ ಗೊತ್ತು. ಸರಿಯಾದ ಉತ್ತರವನ್ನು ಬಾಯಿಪಾಠ ಮಾಡಿಸುವುದು ಎಷ್ಟು ಹೊತ್ತಿನ ಕೆಲಸ? ಆದರೆ ಹಾಗೆ ಮಾಡಿದರೆ ಅದು ಇನ್ನೊಂದು ಮಗ್ಗಿಯಾಗುತ್ತಿತ್ತು, ಅಷ್ಟೆ. ಬಾಯಿ ಬಿಗಿಹಿಡಿದೆ. ಮಕ್ಕಳಿಗೆ ಮರಳು, ನೀರು, ಹುಣಸೆಬೀಜ, ತೆಂಗಿನ ಚಿಪ್ಪು, ಹಳೆಯ ಮಡಕೆ ಕೊಟ್ಟು, ಸುರಿಯಿರಿ, ತುಂಬಿಸಿ, ಚೆಲ್ಲಿ ಎಂದು ಬಿಟ್ಟೆ. ‘ಮೇಷ್ಟ್ರಮ್ಮ ಪಾಠ ಬುಟ್ಟು ಮಣ್ಣಾಟ ಆಡಿಸ್ತಾಳೆ’ ಎಂದು ಊರೆಲ್ಲ ಮಾತಾಡಿಕೊಂಡಿತು.

ಮರುವರ್ಷ ಇನ್‌ಸ್ಪೆಕ್ಟರು ಗಾಡಿಯಿಂದ ಇಳಿಯುತ್ತಲೇ, ‘ಎಲ್ಲಿ ಆ ಹುಡುಗಿ?’ ಎಂದರು. ರಂಗಪ್ಪ ಕಂಬದ ಹತ್ತಿರ ಬಿಗಿದುಕೊಂಡು ನಿಂತಿದ್ದ. ಗಂಗಾಳ, ಚೊಂಬು ಬಂದವು, ರಾಗಿ ಸುರಿದದ್ದಾಯಿತು.

ಕೆಂಚಮ್ಮ ಕಿಸಕ್ಕೆಂದು ನಕ್ಕಳು. ‘ಇದೇನ್ ಸ್ವಾಮಿ ಇಂಗ್ ಕೇಳ್ತೀರಾ? ಎಲ್ಡೂ ಅಷ್ಟೇಯ. ಚೊಂಬು ಸಣ್ಣುಕ್ಕೈತೆ, ಅದಕ್ಕೇ ಮ್ಯಾಕ್ ಬಂದೈತೆ.’

ಇನ್‌ಸ್ಪೆಕ್ಟರು ಬಗ್ಗಿ ಕೇಳಿದರು: ‘ಹೋದ ವರ್ಷ ಚೊಂಬಿನಲ್ಲಿ ಜಾಸ್ತಿ ಅಂದೆಯಲ್ಲಮ್ಮ?’

‘ನಾನಾ?’ ಅವಳಿಗೆ ಸಿಟ್ಟೇ ಬಂತು. ‘ನಾನ್ಯಾಕೆ ಅಂಗಂದೇನು? ಇನ್ಯಾರೋ ಅಂದಿರ್ಬೇಕು!’

‘ಲೇ, ನೀನೇ ಕಣಮ್ಮಿ ಅಂದಿದ್ದು!’ ಎಂದು ರಂಗಪ್ಪ ಕಣ್ಣೊರೆಸಿಕೊಳ್ಳುತ್ತ ನಕ್ಕ. ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ಅಪ್ಪ ಸುಳ್ಳು ಹೇಳುತ್ತಿದ್ದಾನೆಂದು ನನ್ನ ಹತ್ತಿರ ದೂರು ಕೊಟ್ಟಳು.

ಆಮೇಲೆ ಸಿರಾ, ಕೊರಟಗೆರೆ, ಪಾವಗಡ ಎಂದು ಎಷ್ಟೋ ಶಾಲೆಗಳಲ್ಲಿ ಕೆಲಸ ಮಾಡಿದೆ. ತಪ್ಪು ಉತ್ತರ ಕೇಳಿದಾಗಲೆಲ್ಲ, ಇದು ಮನೆಯಿಂದ ಬಂದದ್ದೋ, ವಯಸ್ಸಿನಿಂದ ಬಂದದ್ದೋ ಎಂದು ಮೊದಲು ಕೇಳಿಕೊಳ್ಳುವುದನ್ನು ಈ ವೃತ್ತಿ ನನಗೆ ಕಲಿಸಿತು. ಆದರೆ ಅದರ ತಿರುಳನ್ನು ಆ ಎರಡನೆಯ ತನಿಖೆಯ ದಿನ ಗಾಡಿ ಹತ್ತುವಾಗ ಇನ್‌ಸ್ಪೆಕ್ಟರೇ ಹೇಳಿದರು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನ್ನ ಕಡೆ ತಿರುಗಿದರು. ‘ಮೇಡಂ, ಹಾಗಾದರೆ ನಾನೂ ಒಂದು ಕಾಲಕ್ಕೆ ಚೊಂಬಿನಲ್ಲೇ ಜಾಸ್ತಿ ಅಂದಿರಬೇಕಲ್ಲವೆ? ನೆನಪೇ ಇಲ್ಲವಲ್ಲ!’