ಅಕ್ಕ ಹಾಸಿದ ಬಿಳಿ ಬಟ್ಟೆ

ಎಂಜಿನ್ ಇಲ್ಲದ ಗ್ಲೈಡರ್ ವಿಮಾನಗಳು ಹಾರುವ ಮೈದಾನದ ಅತಿಥಿ ಕೋಣೆಗಳನ್ನು ನೋಡಿಕೊಳ್ಳುವ ಅಕ್ಕನಿಗೆ ಒಂದೇ ಒಂದು ಜಂಬವಿತ್ತು: ತಾನು ಒಗೆದ ಬೆಡ್‌ಶೀಟಿನ ಬಿಳುಪು ಸುತ್ತಮುತ್ತ ಎಲ್ಲೂ ಇಲ್ಲ. ಜಂಬ ಎಂದೂ ಪುಕ್ಕಟೆ ಬರುವುದಿಲ್ಲ ನೋಡಿ.

ಅಂದು ಬಟ್ಟೆ ಒಣಹಾಕುವ ತಂತಿ ಹರಿದಿತ್ತು. ಅಕ್ಕ ಮೈದಾನದ ಆಚೆ ಬದಿಯ ಹುಲ್ಲಿನ ಮೇಲೆ ಬೆಡ್‌ಶೀಟುಗಳನ್ನು ಸಾಲಾಗಿ ಉದ್ದಕ್ಕೆ ಹಾಸಿದಳು. ಜಾಗ ಸಾಲದೆ, ಮಿಕ್ಕವನ್ನು ಸಾಲಿನ ತಲೆಗೆ ಅಡ್ಡಡ್ಡ ಹರಡಿದಳು. ಹೊರಗಿನ ಪೈಲಟ್‌ಗಳಿಗೆ ‘ಇಲ್ಲಿ, ಈ ದಿಕ್ಕಿಗೆ ಇಳಿಯಿರಿ’ ಎಂದು ತೋರಿಸುವ ಗುರುತೂ ಹಾಗೇ ಇರುತ್ತದೆ, ಇಂಗ್ಲಿಷಿನ ಟಿ ಅಕ್ಷರದಂತೆ. ಮೈದಾನ ನಡೆಸುವ ಸಂಘದ ನಿಜವಾದ ಟಿ, ಎರಡು ಬಟ್ಟೆಪಟ್ಟಿಗಳದ್ದು, ಈಚೆ ಬದಿಯಲ್ಲಿ ಬಿದ್ದಿತ್ತು. ಸೋಪು ನೀರು ಕಂಡು ಯಾವ ಕಾಲವಾಯಿತೋ, ಮಣ್ಣಿಗೂ ಅದಕ್ಕೂ ವ್ಯತ್ಯಾಸವೇ ಉಳಿದಿರಲಿಲ್ಲ.

ಮೈದಾನದ ತುದಿಯಲ್ಲಿ ಅಕ್ಕನ ತಮ್ಮ ಹಗ್ಗ ಸುತ್ತುವ ಯಂತ್ರದ ಮುಂದೆ ಕೂತು, ಉದ್ದನೆಯ ಹಗ್ಗದಿಂದ ಗ್ಲೈಡರ್ ಒಂದನ್ನು ಗಾಳಿಪಟದಂತೆ ಮೇಲಕ್ಕೆ ಎಳೆಯುತ್ತಿದ್ದ. ಆಗಲೇ ಒಂದು ಕೆಂಪು ವಿಮಾನ ಬೆಡ್‌ಶೀಟುಗಳನ್ನೇ ನಂಬಿ ಸೀದಾ ಹಗ್ಗದ ದಾರಿಗೆ ಇಳಿಯಿತು. ತಮ್ಮ ಹಗ್ಗ ಕತ್ತರಿಸಿದ. ಗ್ಲೈಡರ್ ಹೇಗೋ ಮುಂದೆ ಹೋಗಿ ನೆಲ ಮುಟ್ಟಿತು. ಎರಡು ಜೀವ ಕೂದಲೆಳೆಯಲ್ಲಿ ಉಳಿದವು.

“ಟಿ ಹಾಸಿದ್ರಲ್ಲ, ಅದಕ್ಕೇ ಇಳಿದೆ!” ಎಂದು ಕೆಂಪು ವಿಮಾನದ ಪೈಲಟ್ ಕೂಗಾಡಿದರು.

“ಅಯ್ಯೋ, ಅದು ಒಣಗ್ಲಿ ಅಂತ ಹಾಕಿದ್ದು ಸ್ವಾಮಿ!”

ನಗಬೇಕಾದ ಮಾತೇ. ಯಾರೂ ನಗಲಿಲ್ಲ. ಹಾರಾಟ ಕಲಿಸುವ ಮೇಷ್ಟ್ರು ಅಲ್ಲೇ ತೀರ್ಪು ಕೊಟ್ಟರು: “ಇನ್ಮೇಲೆ ಹೊರಗಿನ ವಿಮಾನ ಬೇಡವೇ ಬೇಡ.”

ಹೊರಗಿನ ಪೈಲಟ್‌ಗಳೇ ಅಕ್ಕನ ಅತಿಥಿಗಳು; ಅವರಿಲ್ಲದಿದ್ದರೆ ಕೋಣೆಗಳಿಗೆ ಬೀಗ, ಅಕ್ಕನ ಕೆಲಸಕ್ಕೂ ಬೀಗ. ಅದಕ್ಕಿಂತ ಹೆಚ್ಚಾಗಿ, ಈ ಮೈದಾನ ಬಿಟ್ಟು ಎಲ್ಲಿಗೂ ಹೋಗದ ಅವಳಿಗೆ ಲೋಕವೇ ಆ ಕೋಣೆಗಳಿಗೆ ಬಂದು ಚಹಾ ಕುಡಿದು ಹೋಗುತ್ತಿತ್ತು. ಅವಳಿಗೆ ಸಂಕಟವಾಯಿತು, ತಾನೇ ಮಾಡಿಕೊಂಡದ್ದೆಂದು ಇನ್ನಷ್ಟು ಸಂಕಟವಾಯಿತು.

ಮರುದಿನ ಬಕೆಟ್ ಹಿಡಿದು ಮೇಷ್ಟ್ರ ಬಾಗಿಲಿಗೆ ಹೋದಳು. “ತಪ್ಪು ನಂದೇ ಮೇಷ್ಟ್ರೇ. ಆದ್ರೂ ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರಾ?”

“ಇನ್ನೊಬ್ಬ ಬಂದು ನಿಮ್ಮ ಬಟ್ಟೆ ನೋಡಿ ಇಳಿದ್ರೆ?”

ಅಕ್ಕ ಬಕೆಟ್ ಮುಂದಿಟ್ಟಳು. ಬೆಡ್‌ಶೀಟುಗಳೆಲ್ಲ ನೀಲಿ ಬಣ್ಣದಲ್ಲಿ ಮುಳುಗಿದ್ದವು. ಅಷ್ಟು ವರ್ಷದ ಬಿಳುಪನ್ನು ಕೈಯಾರೆ ಮುಳುಗಿಸುವಾಗ ಅವಳು ಅತ್ತದ್ದು ತಮ್ಮನಿಗೆ ಮಾತ್ರ ಗೊತ್ತು. ಬಗಲಲ್ಲಿ ಸಂಘದ ಟಿ ಇತ್ತು, ಉಜ್ಜಿ ಉಜ್ಜಿ ಕಣ್ಣು ಕುಕ್ಕುವಷ್ಟು ಬಿಳಿ ಮಾಡಿದ್ದಳು.

ಮೇಷ್ಟ್ರು ಮೀಸೆಯಡಿ ನಕ್ಕರು. “ಆ ಕೆಂಪು ವಿಮಾನದವರನ್ನೇ ಕರೀರಿ. ಅವರು ಸರಿಯಾಗಿ ಇಳಿದ್ರೆ ಕೋಣೆ ತೆಗೆಯೋಣ. ಇಲ್ಲಾಂದ್ರೆ ಮತ್ತೆ ಕೇಳಬೇಡಿ.”

ಅಕ್ಕ ಫೋನ್ ಮಾಡಿದಳು. “ಮೈದಾನದ ನೆತ್ತಿ ಮೇಲೆ ಹಾರಬೇಡಿ, ಅಲ್ಲಿ ಹಗ್ಗ ಏಳ್ತಿರುತ್ತೆ. ದೂರದಿಂದ್ಲೇ ಸುತ್ತಿ ಬನ್ನಿ. ಬಿಳಿ ಕಂಡ್ರೆ ಇಳೀರಿ. ನೀಲಿ ಕಂಡ್ರೆ ಅದು ನನ್ನ ಕೆಲಸ, ನಿಮ್ಮದಲ್ಲ.” “ಭಾನುವಾರ ಬರ್ತೀನಿ” ಎಂದಿತು ಆಚೆಯ ದನಿ.

ಭಾನುವಾರ ವಿಮಾನ ದೂರದಲ್ಲಿ ಚುಕ್ಕೆಯಾಗಿ ಕಾಣುವಾಗಲೇ ಗಾಳಿಗೆ ಏನು ಬುದ್ಧಿ ಬಂತೋ, ದಿಕ್ಕು ಬದಲಿಸಿತು. ಗಾಳಿಯ ದಿಕ್ಕು ತೋರಿಸುವ ಕಂಬದ ಮೇಲಿನ ಗಾಳಿಚೀಲ ಹಿಂದುಮುಂದಾಯಿತು. ಇಳಿಯುವವರು ಗಾಳಿಗೆ ಎದುರಾಗಿಯೇ ಇಳಿಯಬೇಕು. ಟಿ ಪಕ್ಕದಲ್ಲಿ ನಿಂತಿದ್ದವಳು ಅಕ್ಕ ಒಬ್ಬಳೇ.

“ಮೇಷ್ಟ್ರೇ, ತಿರುಗಿಸ್ಲಾ?” ಎಂದು ದೂರದಲ್ಲಿ ನಿಂತಿದ್ದ ಮೇಷ್ಟ್ರಿಗೆ ಕೂಗಿದಳು.

“ಕೇಳ್ತಾ ನಿಂತ್ರೆ ಆಗುತ್ತಾ? ತಿರುಗಿಸಿ!”

ಸೆರಗು ಸೊಂಟಕ್ಕೆ ಸಿಕ್ಕಿಸಿ ಟಿಯ ಅಡ್ಡಪಟ್ಟಿಯನ್ನು ಎಳೆದುಕೊಂಡು ಓಡಿದಳು, ಇನ್ನೊಂದು ತುದಿಗೆ ಹಾಸಿದಳು. ವಿಮಾನ ದೂರದಿಂದಲೇ ಸುತ್ತು ಹಾಕಿತು, ಹೊಸ ದಿಕ್ಕಿಗೆ ತಿರುಗಿತು, ಅವಳ ಪಕ್ಕದಲ್ಲೇ ಮೆತ್ತಗೆ ನೆಲ ಮುಟ್ಟಿ ಓಡಿತು.

ಪೈಲಟ್ ಇಳಿದು ಬಂದರು. “ಅಕ್ಕಾ, ಇವತ್ತೂ ನೀವು ಹಾಸಿದ ಬಟ್ಟೆ ನೋಡಿಯೇ ಇಳಿದೆ.”

ಮೇಷ್ಟ್ರು ಜೇಬಿನಿಂದ ಕೋಣೆಯ ಬೀಗದ ಕೈ ತೆಗೆದು ಕೊಟ್ಟರು.

“ಹೋಗಿ ಹಾಸಿಗೆ ಹಾಸಿ.”

“ಬೆಳಿಗ್ಗೇನೇ ಹಾಸಿಟ್ಟೆ ಮೇಷ್ಟ್ರೇ, ನೀಲಿದು,” ಎಂದಳು ಅಕ್ಕ. “ಇನ್ನೊಂದು ಬೀಗದ ಕೈ ನನ್ನ ಹತ್ರ ಇತ್ತಲ್ಲ.”